ಕೊಳಲಿಗೆ ಪೂರ್ತಿ ಅಂಕ, ಟೈಕೋ ಡೋಲಿಗೆ ಅರ್ಧವೂ ಇಲ್ಲ

ಜಪಾನಿ ವಾದ್ಯಗಳ ಸ್ಯಾಂಪಲ್ ಲೈಬ್ರರಿ (ನಿಜ ವಾದ್ಯಗಳ ಸ್ವರ ರೆಕಾರ್ಡ್ ಮಾಡಿ, ಕೀಬೋರ್ಡ್‌ನಲ್ಲಿ ನುಡಿಸಲು ಕೊಡುವ ಸಂಗ್ರಹ) ಒಂದನ್ನು ಕೊಂಡು, ಅದನ್ನೇ ಇಟ್ಟುಕೊಂಡು ಒಂದು ಆರ್ಕೆಸ್ಟ್ರಾ ಟ್ರ್ಯಾಕ್ ಕಟ್ಟಿ, ಮಿಕ್ಸ್ ಕೂಡ ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ ಬಿಡಿ. ಇಂಥದ್ದನ್ನು ಕೊಳ್ಳುವಾಗ ಏನು ನೋಡಬೇಕು ಅನ್ನೋದಷ್ಟೇ ಮುಖ್ಯ.

ಮೊದಲು ಶಕುಹಾಚಿ. ಐದೇ ತೂತಿನ ಬಿದಿರಿನ ಕೊಳಲು, ಸಾಮಾನ್ಯ ಅಳತೆಯದ್ದು ಸುಮಾರು 54.5 ಸೆಂಟಿಮೀಟರ್ ಉದ್ದ. ನುಡಿಸುವವರು ಗದ್ದ ಇಳಿಸಿದರೆ ಸ್ವರ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಈ ಜಾರು ಇಲ್ಲದ ಶಕುಹಾಚಿ ಅಂದರೆ ಗಮಕ ಇಲ್ಲದ ಹಾಡು, ಸ್ವರ ಸರಿಯಿದ್ದರೂ ಸಪ್ಪೆ. ಇಲ್ಲಿ ಜಾರನ್ನು ನಿಜವಾಗಿ ನುಡಿಸಿಯೇ ರೆಕಾರ್ಡ್ ಮಾಡಿದ್ದಾರೆ, ಕೀಬೋರ್ಡ್‌ನಲ್ಲಿ ಸ್ವರ ಜಾರಿಸುವ ಪಿಚ್ ಬೆಂಡ್ ಚಕ್ರ ತಿರುಗಿಸಿ ಮೋಸ ಮಾಡಿಲ್ಲ. ಗಾಳಿ ಭುಸ್ಸೆಂದು ನುಗ್ಗುವ ಮುರಾಇಕಿ ಊದಿಕೆಗೆ ಬೇರೆಯೇ ಕೀಸ್ವಿಚ್ (ನುಡಿಸುವ ಬಗೆ ಬದಲಿಸುವ ಕೀ) ಇದೆ. ಕೆಳಗೆ ಚೆಲ್ಲೋ ಒಂದೇ ಡಿ ಸ್ವರ ಹಿಡಿದುಕೊಂಡಿರುವಾಗ ಮೇಲೆ ಇದನ್ನು ಬಿಟ್ಟರೆ ಬೇರೇನೂ ಬೇಡ ಅನಿಸುತ್ತದೆ.

ಬೇರೇನೂ ಹಾಕಲೂ ಬಾರದು. ಜಪಾನಿನ ಸಂಗೀತ ರಚನೆಕಾರ ತೊರು ತಾಕೆಮಿತ್ಸು 1967ರಲ್ಲಿ ಬರೆದ ‘ನವೆಂಬರ್ ಸ್ಟೆಪ್ಸ್’ ಕೇಳಿ ನೋಡಿ, ಶಕುಹಾಚಿ ಮತ್ತು ಬಿವಾ ಅನ್ನೋ ತಂತಿವಾದ್ಯ ಮಾತಾಡುವಾಗ ಆರ್ಕೆಸ್ಟ್ರಾ ಬಹುಪಾಲು ಸುಮ್ಮನಿರುತ್ತದೆ. ಕೊಳಲು ಕೇಳಿಸುತ್ತಿಲ್ಲ ಅಂತ ಅದರ ಸದ್ದಿನ ಫೇಡರ್ ಏರಿಸುತ್ತಾ ಕೂರುವ ಬದಲು ಸ್ಟ್ರಿಂಗ್ಸ್ ಅಳಿಸಿದರೆ ಅರ್ಧ ಮಿಕ್ಸ್ ಅಲ್ಲೇ ಮುಗಿಯಿತು.

ಕೋಟೋ ಅನ್ನೋ ಮೀಟುವ ತಂತಿವಾದ್ಯ ಕೂಡ ಚೆನ್ನಾಗಿದೆ. ಹದಿಮೂರು ತಂತಿ, ಒಂದೊಂದರ ಕೆಳಗೂ ಸರಿಸಬಹುದಾದ ಕುದುರೆ. ಹಿರಾಜೋಶಿ ಶ್ರುತಿ ಸಿದ್ಧವಾಗಿಯೇ ಬರುತ್ತದೆ: ಡಿ, ಈ ಫ್ಲ್ಯಾಟ್, ಜಿ, ಎ, ಬಿ ಫ್ಲ್ಯಾಟ್. ಕೀಬೋರ್ಡ್ ಮೇಲೆ ಬೆರಳು ಎಳೆದರೂ ತಪ್ಪು ಸ್ವರ ಬರಲ್ಲ. ಆದರೆ ಎಡಗೈಯಲ್ಲಿ ತಂತಿ ಒತ್ತಿ ಸ್ವರ ಏರಿಸುವ ಕಡೆ ಅರ್ಧ ಸ್ವರದ್ದು ಮಾತ್ರ ಕೊಟ್ಟಿದ್ದಾರೆ, ಪೂರ್ತಿ ಸ್ವರದ್ದು ಇಲ್ಲ. ಇನ್ನೊಂದು ಮಾತು, ಈ ಶ್ರುತಿಯ ಕೆಳಗೆ ದಪ್ಪ ಮೇಜರ್, ಮೈನರ್ ಕಾರ್ಡ್ ಹಾಕಿದರೆ ಜಪಾನಿ ಬಣ್ಣವೇ ಮಾಯ. ಬರೀ ಫಿಫ್ತ್ ಮತ್ತು ಆಕ್ಟೇವ್ ಸಾಕು. ಶೋ ಅನ್ನೋ ಬಾಯಾರ್ಗನ್ ಈ ಲೈಬ್ರರಿಯಲ್ಲಿ ಇಲ್ಲವೇ ಇಲ್ಲ. ಮ್ಯೂಟ್ ಹಾಕಿದ ವಯಲಿನ್‌ಗಳನ್ನು ಮೇಲಿನ ಸ್ಥಾಯಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಹೇಗೋ ಸರಿದೂಗಿಸಿದೆ.

ಸಿಟ್ಟು ಬಂದಿದ್ದು ಟೈಕೋ ನೋಡಿ. ದೊಡ್ಡ ಹಾಲ್‌ನಲ್ಲಿ ರೆಕಾರ್ಡ್ ಮಾಡಿ, ಆ ಹಾಲ್‌ನ ಗುಂಯ್‌ಗುಡುವಿಕೆಯನ್ನೂ ಸೇರಿಸಿಯೇ ಕೊಟ್ಟಿದ್ದಾರೆ. ‘ಕ್ಲೋಸ್ ಮೈಕ್’, ಅಂದರೆ ಹತ್ತಿರದಿಂದ ಹಿಡಿದ ಸದ್ದು, ಅನ್ನೋದು ಹೆಸರಿಗೆ ಮಾತ್ರ. ಸುಮ್ನೆ ಒಂಟಿಯಾಗಿ ಕೇಳಿದರೆ ಭರ್ಜರಿ, ಅದಕ್ಕೇ ಡೆಮೊದಲ್ಲಿ ಎಲ್ಲರೂ ಮರುಳಾಗ್ತಾರೆ. ಟ್ರ್ಯಾಕ್‌ಗೆ ತಂದರೆ 60ರಿಂದ 120 ಹರ್ಟ್ಸ್ ನಡುವೆ ಡಬಲ್ ಬೇಸ್, ಬೇಸ್ ಡ್ರಮ್, ಟೈಕೋ ಮೂರೂ ಜಗಳಕ್ಕೆ ನಿಲ್ಲುತ್ತವೆ. ಡಬಲ್ ಬೇಸ್ ಅನ್ನು ಈಕ್ಯೂನಲ್ಲಿ (ಈಕ್ವಲೈಜರ್) ಕತ್ತರಿಸಿದೆ, 300 ಹರ್ಟ್ಸ್ ಸುತ್ತಮುತ್ತಲ ಕೆಸರು ತೆಗೆದೆ, ಏಟಿನ ಶುರು, ಕೊನೆ ತಿದ್ದುವ ಟ್ರಾನ್ಸಿಯೆಂಟ್ ಶೇಪರ್ ಹಾಕಿ ಸದ್ದಿನ ಬಾಲ ಮೊಟಕು ಮಾಡಿದೆ. ಏಟು ಸ್ವಲ್ಪ ಸ್ಪಷ್ಟವಾಯಿತು, ಆದರೆ ಒಳಗೆ ಸೇರಿಕೊಂಡ ಹಾಲ್ ಎಲ್ಲಿ ಹೋಗುತ್ತೆ? ಚಿಕ್ಕ ಶಿಮೆ ಟೈಕೋಗೆ ರೌಂಡ್ ರಾಬಿನ್ (ಒಂದೇ ಏಟಿಗೆ ಸರದಿಯಲ್ಲಿ ಬರುವ ಬೇರೆ ಬೇರೆ ರೆಕಾರ್ಡಿಂಗ್) ಎರಡೇ, ಹಾಗಾಗಿ ವೇಗದ ಉರುಳಿಕೆಯೆಲ್ಲ ಮಷಿನ್‌ಗನ್ ಸದ್ದಿನ ಹಾಗೆ.

ಕೊಳಲು, ಕೋಟೋ ಬೇಕಿದ್ದರೆ ಧೈರ್ಯವಾಗಿ ತಗೊಳ್ಳಿ. ಡ್ರಮ್‌ಗಾಗಿ ಬೇಡ. ಹಾಲ್ ಸದ್ದಿಲ್ಲದೆ ಒಣಗಿದ ಹಾಗೆ ರೆಕಾರ್ಡ್ ಮಾಡಿರುವ ಟೈಕೋ ಯಾರಿಗಾದರೂ ಗೊತ್ತಿದ್ದರೆ ಹೇಳಿ, ನಾನಿನ್ನೂ ಹುಡುಕುತ್ತಿದ್ದೇನೆ.