ಒಂದೇ ಆಸ್ಪತ್ರೆ, ಎರಡು ಬಗೆಯ ಹರ್ನಿಯಾ ಶಸ್ತ್ರಚಿಕಿತ್ಸೆ

ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಂಟು ತಿಂಗಳ ಅಂತರದಲ್ಲಿ ನಮ್ಮ ಮನೆಯ ಇಬ್ಬರಿಗೆ ತೊಡೆಸಂದಿನ ಹರ್ನಿಯಾ (ಸ್ನಾಯು ಸಡಿಲಾದ ಜಾಗದಿಂದ ಹೊಟ್ಟೆಯ ಒಳಭಾಗ ಹೊರಚಾಚುವುದು) ಶಸ್ತ್ರಚಿಕಿತ್ಸೆಯಾಯಿತು. ಮಾವನವರಿಗೆ ನೇರವಾಗಿ ಕೊಯ್ದು ಮಾಡುವ ತೆರೆದ ವಿಧಾನ, ನನಗೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪ್ರೊಸ್ಕೋಪಿ.

ಮಾವನವರಿಗೂ ಲ್ಯಾಪ್ರೊಸ್ಕೋಪಿಯನ್ನೇ ಮಾಡಬೇಕೆಂದು ನಾವು ಪಟ್ಟು ಹಿಡಿದಿದ್ದೆವು. ಸರ್ಜನ್ ಒಪ್ಪಲಿಲ್ಲ. ಪ್ರಾಸ್ಟೇಟ್‌ಗಾಗಿ ಹಿಂದೊಮ್ಮೆ ಹೊಟ್ಟೆ ಕೊಯ್ದಿದ್ದರಿಂದ ಒಳಪದರಗಳು ಅಂಟಿಕೊಂಡಿರುವ ಸಂಭವವಿದೆ, ಹೃದಯವೂ ದುರ್ಬಲ, ಲ್ಯಾಪ್ರೊಸ್ಕೋಪಿಗಾದರೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು, ತೆರೆದ ವಿಧಾನವನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು ಎಂದು ಚಿತ್ರ ಬರೆದು ವಿವರಿಸಿದರು. ತೆರೆದ ವಿಧಾನದಲ್ಲೂ ಎರಡು ಕ್ರಮಗಳಿವೆ. 1880ರ ದಶಕದಲ್ಲಿ ಇಟಲಿಯ ಸರ್ಜನ್ ಬಸ್ಸೀನಿ ರೂಪಿಸಿದ ಕ್ರಮದಲ್ಲಿ ಸ್ನಾಯುಗಳನ್ನು ಎಳೆದು ಹೊಲಿಯುತ್ತಿದ್ದರು. ಜೀರ್ಣವಾದ ಬಟ್ಟೆಯನ್ನು ಎಳೆದು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಬಿಡುವಂತೆ, ಹರ್ನಿಯಾ ಮರಳುತ್ತಿದ್ದುದೂ ಉಂಟು. ಅಮೆರಿಕದ ಲಿಕ್ಟೆನ್‌ಸ್ಟೈನ್ 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ಕ್ರಮದಲ್ಲಿ ಎಳೆತವಿಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜಾಲರಿಯ, ಅಂದರೆ ಮೆಶ್‌ನ ತೇಪೆ ಹಾಕುತ್ತಾರೆ. ಮಾವನವರಿಗೆ ಮಾಡಿದ್ದು ಇದನ್ನೇ. ಗಾಯ ಬೇಗ ಒಣಗಿತಾದರೂ ತೊಡೆಸಂದಿನ ಜೋಮು ಮಾತ್ರ ತಿಂಗಳುಗಟ್ಟಲೆ ಉಳಿಯಿತು.

ನನಗಿದ್ದದ್ದು ಎರಡೂ ಕಡೆಯ ಹರ್ನಿಯಾ. ಅಂಥವರಿಗೆ ಲ್ಯಾಪ್ರೊಸ್ಕೋಪಿಯ ಅನುಕೂಲ ಹೆಚ್ಚು, ಏಕೆಂದರೆ ಅವೇ ಮೂರು ಸಣ್ಣ ರಂಧ್ರಗಳಿಂದ ಎರಡೂ ಬದಿಗೆ ಮೆಶ್ ಇಡಬಹುದು. ಲ್ಯಾಪ್ರೊಸ್ಕೋಪಿಯಲ್ಲೂ ಎರಡು ಕ್ರಮಗಳಿವೆ. ಟಿಎಪಿಪಿ ಕ್ರಮದಲ್ಲಿ ಹೊಟ್ಟೆಯ ಒಳಕ್ಕೇ ಹೋಗಿ ಕೆಲಸ ಮಾಡುತ್ತಾರೆ. ನನಗೆ ಮಾಡಿದ ಟಿಇಪಿಯಲ್ಲಿ ಉದರಪೊರೆಯನ್ನು ಸೀಳದೆ, ಅದಕ್ಕೂ ಸ್ನಾಯುವಿಗೂ ನಡುವೆ ಜಾಗ ಮಾಡಿಕೊಳ್ಳುತ್ತಾರೆ. ಇಕ್ಕಟ್ಟಾದ ಜಾಗವಾದ್ದರಿಂದ ಕೈ ಪಳಗಲು ಕಾಲ ಬೇಕು. ಇದುವರೆಗೆ ಎಷ್ಟು ಮಾಡಿದ್ದೀರಿ ಎಂದು ನಾನು ಕೇಳಿದಾಗ ಸರ್ಜನ್ ಬೇಸರಿಸದೆ ಉತ್ತರಿಸಿದ್ದು ಹಿಡಿಸಿತು. ಮರುದಿನವೇ ಮೆಟ್ಟಿಲು ಹತ್ತಿದೆ, ಹತ್ತನೆಯ ದಿನ ಸುರತ್ಕಲ್‌ನಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋದೆ. ನಡುವೆ ನೀರು ತುಂಬಿ ಬಾವು ಬಂದಾಗ ಹರ್ನಿಯಾ ಮರಳಿತೆಂದು ಮನೆಯವರೆಲ್ಲ ಗಾಬರಿಯಾದರು. ಅದು ತಾನಾಗಿಯೇ ಇಳಿಯಿತು.

ಅಸಮಾಧಾನವಿರುವುದು ಬಿಲ್ಲಿನ ಬಗ್ಗೆ. ಮೆಶ್ ಕದಲದಂತೆ ಹಿಡಿಯುವ ಟ್ಯಾಕರ್‌ನ ಬೆಲೆ ಮೊದಲು ಕೊಟ್ಟ ಅಂದಾಜಿನಲ್ಲಿ ಇರಲೇ ಇಲ್ಲ. ಅದು ಎಲ್ಲರಿಗೂ ಬೇಕಾಗುವ ವಸ್ತುವಲ್ಲ, ಆದ್ದರಿಂದ ಮುಂಚಿತವಾಗಿ ಹೇಳಬೇಕಿತ್ತು. ಡಿಸ್ಚಾರ್ಜ್ ಪತ್ರವನ್ನು ಮಾತ್ರ ಅಚ್ಚುಕಟ್ಟಾಗಿ ಬರೆದು, ಮೆಶ್‌ನ ಸ್ಟಿಕ್ಕರ್ ಅಂಟಿಸಿಯೇ ಕೊಟ್ಟರು. ಮುಂದೆ ಹರ್ನಿಯಾ ಮರಳಿದರೆ, ಸ್ನಾಯುವಿನ ಮುಂಭಾಗದಿಂದ (ಮಾವನವರಂತೆ ತೆರೆದ ವಿಧಾನದಲ್ಲಿ) ಮಾಡಿದವರಿಗೆ ಹಿಂಭಾಗದಿಂದ, ಹಿಂಭಾಗದಿಂದ (ನನ್ನಂತೆ ಲ್ಯಾಪ್ರೊಸ್ಕೋಪಿಯಲ್ಲಿ) ಮಾಡಿದವರಿಗೆ ಮುಂಭಾಗದಿಂದ ಸರಿಪಡಿಸುವುದು ವಾಡಿಕೆಯಾದ್ದರಿಂದ, ಇಬ್ಬರ ಪತ್ರಗಳನ್ನೂ ಒಂದೇ ಕಡತದಲ್ಲಿ ಇರಿಸಿದ್ದೇನೆ.