ಡ್ರಮ್ಮು, ಬೆಟ್ಟ, ಚೀಲ: ನಮ್ಮ ಅಡಿಕೆ ತೋಟದಲ್ಲಿ ಮೂರು ವರ್ಷ

ಶಿರಸಿ ಕಡೆಯ ನಮ್ಮ ತೋಟವನ್ನು ಮೂರು ತುಂಡು ಮಾಡಿದೆ. ಮೇಲಿನದಕ್ಕೆ 'ಶೂನ್ಯ ಬಂಡವಾಳ' ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಹೇಳಿದ ಜೀವಾಮೃತ ಮತ್ತು ದರಕಿನ, ಅಂದರೆ ಒಣಗಿದ ಎಲೆಯ, ಹೊದಿಕೆ. ನಡುವಿನದಕ್ಕೆ ಅಪ್ಪನ ಕಾಲದ ಹಾಗೆ ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ. ಕೆಳಗಿನದಕ್ಕೆ ಚೀಲದ ಗೊಬ್ಬರ, ಅಂದರೆ ರಾಸಾಯನಿಕ.

ಜೀವಾಮೃತ ಅಂದರೆ ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, ಸುಮಾರು ಅಷ್ಟೇ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಬೇಳೆ ಹಿಟ್ಟು, ಒಂದು ಮುಷ್ಟಿ ಮಣ್ಣು. ನಾನು ಜೋನಿ ಬೆಲ್ಲ ಸುರಿದೆ. "ತಮಾ, ದೋಸೆಗೆ ಹಾಕೋದನ್ನ ಡ್ರಮ್ಮಿಗೆ ಸುರೀತೀಯಲ್ಲೋ" ಅಂತ ಆಯಿ ಬೈದಳು. ಎರಡು ದಿನಕ್ಕೆ ನೊರೆ ಬಂತು, ಹುಳಿ ವಾಸನೆ ಅಂಗಳದವರೆಗೂ.

ಒಂದು ನಾಟಿ ಹಸುವಿದ್ದರೆ 30 ಎಕರೆ ಸಾಗುತ್ತದೆ ಅನ್ನುವುದು ಪಾಳೇಕರರ ಮಾತು. ಎಕರೆಗೆ ತಿಂಗಳಿಗೊಂದು ಡ್ರಮ್ಮು ಅಂದರೆ ತಿಂಗಳಿಗೆ 300 ಕೆಜಿ ಸಗಣಿ. ನಮ್ಮ ಮಲೆನಾಡು ಗಿಡ್ಡ ತಳಿಯ ಹಸು ಹಗಲೆಲ್ಲ ಬೆಟ್ಟದಲ್ಲಿ ಮೇಯುತ್ತದೆ, ಅರ್ಧ ಸಗಣಿ ಅಲ್ಲೇ ಬಿಟ್ಟು ಬರುತ್ತದೆ. ನಮ್ಮ ಮಟ್ಟಿಗೆ ಈ ಲೆಕ್ಕ ಕೂಡಲಿಲ್ಲ.

ಇನ್ನೊಂದು ಲೆಕ್ಕ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಬೇಕು ಅನ್ನುತ್ತಾರೆ ವಿಜ್ಞಾನಿಗಳು. ಎಕರೆಗೆ 550 ಮರ ಅಂದರೆ 55 ಕೆಜಿ. ತಿಂಗಳಿಗೊಂದರಂತೆ ಹನ್ನೆರಡು ಡ್ರಮ್ಮು ಜೀವಾಮೃತ ಸುರಿದರೂ ಸಾರಜನಕ ನಾಲ್ಕು ಕೆಜಿ ದಾಟುವುದು ಕಷ್ಟ. 'ಇದು ಗೊಬ್ಬರ ಅಲ್ಲ, ಹೆಪ್ಪು' ಅನ್ನುವುದು ಪಾಳೇಕರ್ ಕಡೆಯವರ ಉತ್ತರ. ಸರಿ, ಆದರೆ ಹೆಪ್ಪು ಹಾಕೋಕೆ ಹಾಲು ಬೇಕಲ್ವಾ? ಎರಡನೇ ವರ್ಷ ಎರಡು ಸಾಲಿಗೆ ಡ್ರಮ್ಮಿನದು ನಿಲ್ಲಿಸಿ ಬರೀ ದರಕು ಹಾಸಿದೆ. ಅಡಿಕೆ ಕೊನೆಗಳಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಏಪ್ರಿಲ್‌ನಲ್ಲಿ ದರಕು ಸರಿಸಿದರೆ ಎರಡೂ ಕಡೆ ಮಣ್ಣು ತಣ್ಣಗೆ, ಎರೆಹುಳು ಜಾಸ್ತಿ. ಕೆಳಗಿನ ತುಂಡಿನಲ್ಲಿ ಹಾರೆ ಹಾಕಿದರೆ ಟಣ್ ಅನ್ನುತ್ತಿತ್ತು.

ಚೀಲದ ಗೊಬ್ಬರಕ್ಕೆ ಆಳು ಕಡಿಮೆ ಸಾಕು, ಮರವೂ ಬೇಗ ಹಸಿರಾಗುತ್ತದೆ. ಅದರ ಬಗ್ಗೆ ಇಷ್ಟೇ.

'ಶೂನ್ಯ ಬಂಡವಾಳ' ಅನ್ನೋದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಡ್ರಮ್ಮು ಕಲಕಿ, ಕೊಡದಲ್ಲಿ ಹೊತ್ತು ಬುಡಬುಡಕ್ಕೂ ಹೊಯ್ಯುವವರ ಕೂಲಿ ಯಾರು ಕೊಡಬೇಕು? ನಡುವಿನ ತುಂಡೂ ಸುಮ್ನೆ ಬಂದದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಪದ್ಧತಿ ಇದೆ. ಬೆಟ್ಟ ಇಲ್ಲದವರು ಏನು ಹಾಸುತ್ತಾರೆ?

ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗಕ್ಕೆ ಹುಳಿ ಮಜ್ಜಿಗೆಯನ್ನೂ ಹೊಡೆದು ನೋಡಿದೆ, ಹತ್ತು ಮರಕ್ಕೆ. ಜುಲೈ ಮಳೆಗೆ ಬಿಳಿ ಬೂಸು ಹಿಡಿದ ಹಸಿ ಕಾಯಿ ಬುಡದಲ್ಲಿ ಹಾಸಿಕೊಂಡಿತ್ತು. ಮಾರನೇ ವರ್ಷ ಮೂರೂ ತುಂಡಿಗೆ ಬೋರ್ಡೋ ದ್ರಾವಣ ಹೊಡೆಸಿದೆ. 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ.

ಈಗ ಮೂರೂ ಕಡೆ ದರಕು, ಕೊಟ್ಟಿಗೆ ಗೊಬ್ಬರ. ಕೆಳಗಿನ ತುಂಡಿಗೆ ಮಾತ್ರ ಚೀಲದ್ದು ಅರ್ಧ ಪ್ರಮಾಣ ಉಳಿಸಿಕೊಂಡಿದ್ದೇನೆ. ಜೀವಾಮೃತ ಹಿತ್ತಲಿನ ಬದನೆಗೆ ಹೋಗುತ್ತಿದೆ, ಒಂದು ಬಕೆಟ್ ಸಾಕು.