ಕಾಮಧೇನು, ರಾವಣ, ಪಂಜುರ್ಲಿ: ಹಾಲ್‌ನಲ್ಲಿ ಯಾರಿರಬೇಕು?

ಶಿವಮೊಗ್ಗದ ನಮ್ಮ ಮನೆಯಲ್ಲಿ ಹಾಲ್‌ನ ಅಲಂಕಾರಕ್ಕಿಟ್ಟ ಕಿನ್ನಾಳದ ಮರದ ಗೊಂಬೆ ಕಾಮಧೇನು, ನಿಮ್ಮಲಕುಂಟದ ತೊಗಲು ಹೊದಿಕೆಯ ದೀಪ ಎರಡೂ ಮಳೆಗಾಲ ಕಂಡಿವೆ. ಮೂರನೆಯದಾಗಿ ತುಳುನಾಡಿನ ದೈವ ಪಂಜುರ್ಲಿಯ ಮೊಗವೂ (ಮುಖವಾಡ) ಬಂದಿತ್ತು, ಅದರ ವಿಷಯ ಬೇರೆ. ಕಥೆಯಿರುವ ವಸ್ತುವೇ ಬೇಕು ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ದೀಪ.

ಹಾಗಂತ ಕಾಮಧೇನು ಕಡಿಮೆಯಲ್ಲ. ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರವನ್ನು ಬಿಡಿಬಿಡಿಯಾಗಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸಿ, ಮೇಲೆ ಬಣ್ಣ ಹಚ್ಚುತ್ತಾರೆ. ಹೆಣ್ಣಿನ ಮುಖ, ಹಸುವಿನ ಮೈ, ಬೆನ್ನ ಮೇಲೆ ರೆಕ್ಕೆ, ಹಿಂದೆ ನವಿಲುಗರಿ. ಕೈಯಲ್ಲಿ ಹಿಡಿದರೆ ಇಷ್ಟು ದೊಡ್ಡ ಗೊಂಬೆ ಇಷ್ಟು ಹಗುರವೇ ಅನಿಸುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು, ನೀರು ಮಾತ್ರ ತಾಗಿಸಬಾರದು. ದಸರೆಗೆ ಗೊಂಬೆ ಕೂರಿಸಿದಾಗ ಎಲ್ಲರ ಕಣ್ಣೂ ಮೊದಲು ಇದರ ಮೇಲೇ. ಹಬ್ಬ ಮುಗಿದ ಮೇಲೆ ಮಾತ್ರ ಷೋಕೇಸಿನಲ್ಲಿ ಸುಮ್ಮನೆ ನಿಂತಿರುತ್ತದೆ. ಬಂದವರು ‘ಚೆನ್ನಾಗಿದೆ’ ಅಂತಾರೆ, ಕಥೆ ಯಾರೂ ಕೇಳುವುದಿಲ್ಲ.

ದೀಪದ ಎದುರು ಹಾಗಾಗುವುದಿಲ್ಲ. ನಿಮ್ಮಲಕುಂಟ ಆಂಧ್ರದ ಧರ್ಮಾವರದ ಬಳಿಯ ಊರು. ತೊಗಲು ಗೊಂಬೆ ಆಡಿಸುತ್ತಿದ್ದ ಮನೆತನಗಳು ಅಲ್ಲಿ ಈಗ ಅದೇ ಮೇಕೆ ಚರ್ಮದಲ್ಲಿ ದೀಪದ ಹೊದಿಕೆ ಮಾಡುತ್ತವೆ. ನಮ್ಮದರ ಮೇಲೆ ಹತ್ತು ತಲೆಯ ರಾವಣ. ಹಗಲಲ್ಲಿ ನೋಡಿದರೆ ಮಂಕು ಕಂದು ಹಾಳೆ ಅಷ್ಟೇ. ಸಂಜೆ ಸ್ವಿಚ್ ಹಾಕಿ ನೋಡಿ: ಕೆಂಪು ಮಾಣಿಕ್ಯದಂತಾಗುತ್ತದೆ, ಉಳಿಯಿಂದ ಹೊಡೆದ ಸಣ್ಣ ಸಣ್ಣ ತೂತುಗಳೇ ಅವನ ಒಡವೆಯಾಗಿ ಹೊಳೆಯುತ್ತವೆ, ಗೋಡೆಗೂ ಚುಕ್ಕಿ ಚೆಲ್ಲುತ್ತವೆ. ತೊಗಲು ಗೊಂಬೆಯನ್ನು ನೋಡಬೇಕಾದ್ದೇ ಹಿಂದೆ ಬೆಳಕಿಟ್ಟು. ಬೇರೆ ಅಲಂಕಾರದಲ್ಲಿ ಕಥೆ ತನ್ನ ರಂಗವನ್ನು ಬಿಟ್ಟು ಬಂದಿರುತ್ತದೆ, ಇದರಲ್ಲಿ ರಂಗವೂ ಜೊತೆಗೇ ಬಂದಿದೆ.

ದೀಪ ಹತ್ತಿದ ಕೂಡಲೇ ಮಗಳು ‘ಅಪ್ಪಾ, ಮಾವಿನಹಣ್ಣಿನ ಕಥೆ’ ಅಂತಾಳೆ. ನಮ್ಮ ಜನಪದ ರಾಮಾಯಣದಲ್ಲಿ ಮಕ್ಕಳಿಲ್ಲದ ರಾವಣ ಶಿವ ಕೊಟ್ಟ ಹಣ್ಣಿನ ತಿರುಳನ್ನು ತಾನೇ ತಿಂದು, ಹೆಂಡತಿಗೆ ಓಟೆ ಕೊಡುತ್ತಾನೆ. ಬಸುರಾಗುವುದು ಅವನೇ! ಕೊನೆಗೆ ಸೀನಿದಾಗ ಸೀತೆ ಹುಟ್ಟುತ್ತಾಳೆ. ಆ ಸೀನು ಬಂದಾಗೆಲ್ಲ ಮನೆಯವರೆಲ್ಲ ನಗುತ್ತೇವೆ.

ದೀಪದ ಕಷ್ಟ ಮಳೆಗಾಲ. ನಮ್ಮ ಕಡೆಯ ಥಂಡಿಗೆ ಚರ್ಮ ಮೆತ್ತಗಾಗಿ ಅಂಚು ಸುರುಳಿಕೊಳ್ಳುತ್ತದೆ, ಬೂಷ್ಟೂ ಹಿಡಿಯುತ್ತದೆ. ದಿನಾ ಸ್ವಲ್ಪ ಹೊತ್ತು ಉರಿಸಿದರೆ ತಡೆಯುತ್ತದೆ. ಹಳೇ ಬಿಸಿ ಬಲ್ಬ್ ಬೇಡ, ಚರ್ಮ ಬಿರುಸಾಗುತ್ತದೆ, ಎಲ್‌ಇಡಿಯೇ ಇರಲಿ. ನಿಗಾ ಇಡಲು ಪುರುಸೊತ್ತಿಲ್ಲದವರು ಕಾಮಧೇನುವನ್ನೇ ತರಲಿ.

ಪಂಜುರ್ಲಿಯ ಮೊಗ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದದ್ದು. ಹಂದಿಯ ಮುಖ, ಚಾಚಿದ ಕೋರೆ, ಫೈಬರ್‌ಗೆ ಹಿತ್ತಾಳೆ ಬಣ್ಣ. ನೋಟದಲ್ಲಿ ಮೂರರಲ್ಲೂ ಇದೇ ಗಟ್ಟಿ, ಗೋಡೆ ತುಂಬುತ್ತದೆ. ಪುತ್ತೂರಿನಿಂದ ಬಂದ ಅತ್ತೆ ಅದನ್ನು ಕಂಡು, ‘ಇದಕ್ಕೆ ತಂಬಿಲ ಯಾರು ಕೊಡ್ತಾರೆ ಮಗಾ?’ ಅಂದರು. ತಂಬಿಲವೆಂದರೆ ದೈವಕ್ಕೆ ಸಲ್ಲಿಸುವ ಪೂಜೆ. ಈಶ್ವರನ ತೋಟ ಹಾಳು ಮಾಡಿ ಭೂಮಿಗಿಳಿದ ಹಂದಿ, ತುಳುನಾಡಿನಲ್ಲಿ ಇವತ್ತಿಗೂ ನಂಬಿದವರ ಹೊಲಮನೆ ಕಾಯುವ ದೈವ. ದೈವದ ಉತ್ಸವವಾದ ನೇಮದಲ್ಲಿ ಅದರ ಎದುರು ಕೈಮುಗಿದು ನಿಲ್ಲುವವರ ಮನೆಯಲ್ಲಿ ಟಿವಿ ಮೇಲೆ ಅದನ್ನು ತೂಗುಹಾಕುವುದಿಲ್ಲ. ಅತ್ತೆಯ ಮಾತು ನನಗೂ ಸರಿ ಕಂಡಿತು, ಇಳಿಸಿದೆ. ಅಲಂಕಾರಕ್ಕೆ ಇದನ್ನು ಯಾರಿಗೂ ಹೇಳಲಾರೆ.

ದೀಪ ಕೊಳ್ಳುವಾಗ ಒಂದು ಗಮನಿಸಿ. ಚರ್ಮದಂತೆಯೇ ಕಾಣುವ ಪ್ಲಾಸ್ಟಿಕ್ ಹಾಳೆಯವೂ ಮಾರಾಟಕ್ಕಿವೆ. ಬೆಳಕಿಗೆ ಹಿಡಿಯಿರಿ: ನಿಜವಾದ ತೊಗಲಿನಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಲ್ಲಲ್ಲಿ ನರದ ಗೆರೆ ಕಾಣುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಎಲ್ಲ ಕಡೆ ಒಂದೇ ಸಮ.